ಮೈನಸ್ ಪವರ್: ಮಗುವಿಗೆ ಯಾವ ದಾರಿ, ದೊಡ್ಡವರಿಗೆ ಯಾವ ದಾರಿ?

ಎಂಟು ವರ್ಷದ ಮಗುವಿಗೆ ಮೈನಸ್ 2 ಬಂದಿದೆ. ಅದೇ ಮನೆಯಲ್ಲಿ 26 ವರ್ಷದ ಚಿಕ್ಕಪ್ಪನಿಗೂ ಮೈನಸ್ 2 ಇದೆ. ಚೀಟಿಯಲ್ಲಿರುವ ನಂಬರ್ ಒಂದೇ. ಆದರೆ ಇಬ್ಬರ ಮುಂದಿರುವ ಆಯ್ಕೆಗಳು ಬೇರೆ. ಚಿಕ್ಕಪ್ಪನ ನಂಬರ್ ಬಹುಮಟ್ಟಿಗೆ ನಿಂತಿದೆ. ಸ್ಪಷ್ಟವಾಗಿ ಕಾಣಲು ತನಗೆ ಯಾವುದು ಅನುಕೂಲ ಎಂದು ಅವನು ಯೋಚಿಸಿದರೆ ಸಾಕು. ಮಗುವಿನ ನಂಬರ್ ಇನ್ನೂ ಏರುತ್ತಿದೆ. ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅನ್ನುವುದೇ ಅಲ್ಲಿನ ದೊಡ್ಡ ಪ್ರಶ್ನೆ.

ಆಪ್ಟಿಕಲ್ಸ್ ಅಂಗಡಿಯಲ್ಲಿ ಈ ಎರಡು ಪ್ರಶ್ನೆಗಳು ಸುಲಭವಾಗಿ ಕಲೆತುಹೋಗುತ್ತವೆ. ಮಗುವಿಗೆ ಬೇಕಿಲ್ಲದ ಕೋಟಿಂಗ್‌ಗೆ ದುಡ್ಡು ಹೋಗುತ್ತದೆ. ಬೇಕಾದ ಚಿಕಿತ್ಸೆಯ ಹೆಸರು ಎಷ್ಟೋ ತಂದೆತಾಯಿಯರ ಕಿವಿಗೆ ಬೀಳುವುದೇ ಇಲ್ಲ. ಹಾಗಾಗಿ ಇಲ್ಲಿ ಮಕ್ಕಳದ್ದು ಬೇರೆ, ದೊಡ್ಡವರದ್ದು ಬೇರೆ ಇಟ್ಟು ನೋಡೋಣ. ಮಕ್ಕಳ ಭಾಗವೇ ಉದ್ದ. ಅಲ್ಲಿ ಕಳೆದುಹೋದ ವರ್ಷ ವಾಪಸ್ ಸಿಗುವುದಿಲ್ಲ.

ಕಣ್ಣಿನೊಳಗೆ ಆಗುವುದೇನು

ಹುಟ್ಟಿದ ಮಗುವಿನ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್ ಉದ್ದ ಇರುತ್ತದೆ. ದೊಡ್ಡವರಾಗುವ ಹೊತ್ತಿಗೆ ಅದು 23–24 ಮಿಲಿಮೀಟರ್ ಆಗಿ ನಿಲ್ಲಬೇಕು. ಕೆಲವು ಮಕ್ಕಳಲ್ಲಿ ನಿಲ್ಲುವುದಿಲ್ಲ. ಗುಡ್ಡೆ ಹಿಂದಕ್ಕೆ ಬೆಳೆಯುತ್ತಲೇ ಹೋಗುತ್ತದೆ. ಆಗ ದೂರದಿಂದ ಬಂದ ಬೆಳಕು ಕಣ್ಣಿನ ಹಿಂಭಾಗದಲ್ಲಿ ಚಿತ್ರ ಮೂಡುವ ಪದರವನ್ನು, ಅಂದರೆ ರೆಟಿನಾವನ್ನು, ಮುಟ್ಟುವ ಮೊದಲೇ ಒಂದು ಕಡೆ ಸೇರಿಬಿಡುತ್ತದೆ. ಪುಸ್ತಕ ಸ್ಪಷ್ಟ, ಬೋರ್ಡ್ ಮಸುಕು. ಒಂದೇ ಒಂದು ಮಿಲಿಮೀಟರ್ ಉದ್ದ ಹೆಚ್ಚಾದರೆ ಸುಮಾರು ಎರಡೂವರೆ ಪವರ್ ಏರುತ್ತದೆ. ಕೆಲವರಲ್ಲಿ ಕಣ್ಣಿನ ಮುಂದಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಜಾಸ್ತಿ ಬಾಗಿರುವುದೂ ಕಾರಣವಾಗುತ್ತದೆ.

ಮೈನಸ್ ಗಾಜು ನಡುವೆ ತೆಳು, ಅಂಚಿನಲ್ಲಿ ದಪ್ಪ. ಅದು ಬೆಳಕನ್ನು ಸ್ವಲ್ಪ ಹರಡಿಸಿ ರೆಟಿನಾದ ಮೇಲೆ ಸೇರುವ ಹಾಗೆ ಮಾಡುತ್ತದೆ. ಕಣ್ಣಿನ ಉದ್ದ ಮಾತ್ರ ಹಾಗೇ ಇರುತ್ತದೆ. ಲೇಸರ್ ಮಾಡಿಸಿದರೂ ಹಾಗೇ ಇರುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಂಬರಿನ ಅರ್ಥ ತಿಳಿಯುವುದು ಕಷ್ಟವಲ್ಲ. 100 ಸೆಂಟಿಮೀಟರನ್ನು ಪವರ್‌ನಿಂದ ಭಾಗಿಸಿ. ಮೈನಸ್ 1 ಇದ್ದವರಿಗೆ ಕನ್ನಡಕವಿಲ್ಲದೆ ಒಂದು ಮೀಟರ್‌ವರೆಗೆ ಸ್ಪಷ್ಟ. ಮೈನಸ್ 2ಕ್ಕೆ ಅರ್ಧ ಮೀಟರ್. ಮೈನಸ್ 4 ಆದರೆ 25 ಸೆಂಟಿಮೀಟರ್ ಮಾತ್ರ, ಅದರಾಚೆ ಎಲ್ಲವೂ ಮಸುಕು. ಮೈನಸ್ 4ರ ಮಗು ಕನ್ನಡಕವಿಲ್ಲದೆ ತರಗತಿಯಲ್ಲಿ ಕೂತರೆ ಅದಕ್ಕೆ ಎಷ್ಟು ಕಾಣುತ್ತದೆ ಎಂದು ಊಹಿಸಿ ನೋಡಿ. ಅಂಥ ಮಗುವನ್ನು ಓದಿನಲ್ಲಿ ಹಿಂದೆ ಎಂದು ಗದರಿಸುವುದು ಈಗಲೂ ನಡೆಯುತ್ತದೆ, ಬೇಜಾರಾಗುತ್ತದೆ.

ಮೈನಸ್ 6 ದಾಟಿದರೆ ಅದನ್ನು ಹೆಚ್ಚಿನ ಪವರ್ ಎನ್ನುತ್ತಾರೆ. ತೊಂದರೆ ಗಾಜು ದಪ್ಪವಾಗುವುದಲ್ಲ. ಗುಡ್ಡೆ ಉದ್ದವಾದಷ್ಟೂ ಒಳಗಿನ ರೆಟಿನಾ ಎಳೆದ ಹಾಗೆ ತೆಳುವಾಗುತ್ತದೆ. ರೆಟಿನಾ ಹರಿಯುವುದು, ಕಳಚಿಕೊಳ್ಳುವುದು, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ, ಬೇಗ ಪೊರೆ ಬರುವುದು, ರೆಟಿನಾದ ನಡುಭಾಗ ಸವೆಯುವುದು ಇವೆಲ್ಲದರ ಅಪಾಯ ಪವರ್ ಜೊತೆಗೇ ಏರುತ್ತದೆ. ಹಾಗಾಗಿ ಒಂದು ಮಗು ಮೈನಸ್ 7ಕ್ಕೆ ನಿಲ್ಲುವ ಬದಲು ಮೈನಸ್ 4ಕ್ಕೆ ನಿಂತರೆ ಅದಕ್ಕೆ ಐವತ್ತು ವರ್ಷವಾದಾಗ ಅದರ ಬೆಲೆ ಗೊತ್ತಾಗುತ್ತದೆ.

ಮಕ್ಕಳಿಗೆ: ಮೊದಲು ಸರಿಯಾದ ಪರೀಕ್ಷೆ

ಮಕ್ಕಳ ಕಣ್ಣಿನ ಒಳಗಿನ ಸ್ನಾಯು ತುಂಬ ಚುರುಕು. ಪರೀಕ್ಷೆಯ ಹೊತ್ತಿನಲ್ಲೂ ಅದು ಬಿಗಿದುಕೊಂಡು ಇಲ್ಲದ ಮೈನಸ್ ತೋರಿಸಬಲ್ಲದು. ಕಂಪ್ಯೂಟರ್ ಮಿಷನ್ ಮುಂದೆ ಗದ್ದ ಇಟ್ಟು ಬಂದ ನಂಬರಿಗೇ ಕನ್ನಡಕ ಮಾಡಿಸಿದರೆ ಮಗುವಿಗೆ ಜಾಸ್ತಿ ಪವರ್ ಬೀಳುವ ಸಾಧ್ಯತೆ ಇದೆ. ಅದಕ್ಕೇ ಮೊದಲ ಸಲ ಕಣ್ಣಿನ ಡಾಕ್ಟರ ಹತ್ತಿರ ಹನಿ ಹಾಕಿಸಿ ಪರೀಕ್ಷೆ ಮಾಡಿಸಲೇಬೇಕು. ಹನಿ ಹಾಕಿದರೆ ಸ್ನಾಯು ಸಡಿಲವಾಗಿ ನಿಜವಾದ ನಂಬರ್ ಸಿಗುತ್ತದೆ. ಕೆಲವು ಗಂಟೆ ಓದಲು ಮಸುಕಾಗುತ್ತದೆ, ಬಿಸಿಲು ಚುಚ್ಚುತ್ತದೆ. ಎಷ್ಟು ಹೊತ್ತು ಎನ್ನುವುದು ಯಾವ ಹನಿ ಎಂಬುದರ ಮೇಲಿದೆ, ಕೆಲವು ಹನಿಗಳ ಪರಿಣಾಮ ಇಳಿಯಲು ಇನ್ನೂ ಹೆಚ್ಚು ಹೊತ್ತು ಬೇಕು. ಶಾಲೆಯ ಪರೀಕ್ಷೆ ಇಲ್ಲದ ವಾರ ನೋಡಿಕೊಂಡು ಹೋಗಿ.

ಸಾಧ್ಯವಾದರೆ ಕಣ್ಣಿನ ಉದ್ದವನ್ನೂ ಅಳೆಸಿ. ಅದನ್ನು ಅಳೆಯುವ ಯಂತ್ರ ಕಣ್ಣನ್ನು ಮುಟ್ಟುವುದೂ ಇಲ್ಲ, ನಿಮಿಷಗಳಲ್ಲಿ ಮುಗಿಯುತ್ತದೆ. ಆರು ತಿಂಗಳಿಗೊಮ್ಮೆ ಆ ಅಂಕಿ ಬರೆದಿಟ್ಟರೆ ಯಾವ ಚಿಕಿತ್ಸೆ ಕೆಲಸ ಮಾಡುತ್ತಿದೆ ಎಂದು ನೇರವಾಗಿ ಗೊತ್ತಾಗುತ್ತದೆ.

ಖರ್ಚಿನ ಚಿಂತೆ ಇರುವವರಿಗೆ ಬೆಂಗಳೂರಿನ ಮಿಂಟೋದಂಥ ಸರಕಾರಿ ಕಣ್ಣಾಸ್ಪತ್ರೆ ಇದೆ, ಜಿಲ್ಲಾಸ್ಪತ್ರೆಗಳಲ್ಲೂ ಕಣ್ಣಿನ ವಿಭಾಗ ಇರುತ್ತದೆ. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಶಾಲಾಮಕ್ಕಳ ಕಣ್ಣು ತಪಾಸಣೆ ಮಾಡಿ ಉಚಿತ ಕನ್ನಡಕ ಕೊಡುತ್ತಾರೆ. ಶಾಲೆಯಲ್ಲಿ ವಿಚಾರಿಸಿ.

ಮಾಮೂಲಿ ಕನ್ನಡಕವೋ, ನಂಬರ್ ತಡೆಯುವ ಕನ್ನಡಕವೋ

ಮಾಮೂಲಿ ಕನ್ನಡಕ ಮಗುವಿಗೆ ದೂರದ್ದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಅಷ್ಟೇ ಅದರ ಕೆಲಸ. ನಂಬರ್ ಏರುವುದನ್ನು ಅದು ತಡೆಯುವುದಿಲ್ಲ. ಆದರೆ ಏರಿಸುವುದೂ ಇಲ್ಲ. "ಕನ್ನಡಕ ಹಾಕಿದರೆ ಅಭ್ಯಾಸವಾಗಿ ನಂಬರ್ ಜಾಸ್ತಿಯಾಗುತ್ತೆ" ಎಂಬ ಮಾತು ಪ್ರತಿ ಮನೆಯಲ್ಲೂ ಕೇಳಿಸುತ್ತದೆ. ಮಲೇಷ್ಯಾದಲ್ಲಿ ಕೆಲವು ಮಕ್ಕಳಿಗೆ ಬೇಕೆಂದೇ ಕಡಿಮೆ ಪವರಿನ ಕನ್ನಡಕ ಕೊಟ್ಟು ನೋಡಿದರು. 2002ರಲ್ಲಿ ಬಂದ ಫಲಿತಾಂಶದಲ್ಲಿ ಕಡಿಮೆ ಪವರ್ ಹಾಕಿದವರ ನಂಬರೇ ಜಾಸ್ತಿ ಏರಿತ್ತು. ಹಾಗಾಗಿ ಪೂರ್ತಿ ಪವರ್ ಕೊಡಿಸಿ, ದಿನವಿಡೀ ಹಾಕಿಸಿ.

ಇನ್ನೊಂದು ಮಾತು ನನಗೆ ಇದಕ್ಕಿಂತ ನೋವು ಕೊಡುತ್ತದೆ. ಹೆಣ್ಣುಮಗುವಿಗೆ ಈಗಲೇ ಕನ್ನಡಕ ಬೇಡ, ಮುಂದೆ ಮದುವೆಗೆ ಅಡ್ಡಿ ಎನ್ನುವುದು. ಹತ್ತು ವರ್ಷದ ಹುಡುಗಿಯ ಶಾಲೆ, ಆಟ, ರಸ್ತೆ ದಾಟುವುದು ಎಲ್ಲವನ್ನೂ ಮಸುಕಿನಲ್ಲಿಟ್ಟು ಉಳಿಸುವಂಥದ್ದು ಅಲ್ಲಿ ಏನೂ ಇಲ್ಲ. ಅವಳಿಗೆ ಇಷ್ಟವಾದ ಬಣ್ಣದ ಫ್ರೇಮ್ ಅವಳೇ ಆರಿಸಲಿ.

ಗಾಜಿನ ವಿಷಯಕ್ಕೆ ಬಂದರೆ, ಮಕ್ಕಳಿಗೆ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು ಒಳ್ಳೆಯದು. ಚೆಂಡು ಬಡಿದರೂ ಸುಲಭಕ್ಕೆ ಒಡೆಯುವುದಿಲ್ಲ. ನೀಲಿ ಬೆಳಕನ್ನು ತಡೆಯುವ ಬ್ಲೂ ಕಟ್ ಕೋಟಿಂಗ್‌ಗೆ ಹೆಚ್ಚಿನ ದುಡ್ಡು ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಕಾಕ್ರೇನ್ ಎಂಬ ಸಂಸ್ಥೆಯ 2023ರ ವಿಮರ್ಶೆ ಇಂಥ ಗಾಜುಗಳ ಮೇಲಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಕಂಪ್ಯೂಟರ್ ಮುಂದಿನ ಕಣ್ಣಿನ ಆಯಾಸ ಮಾಮೂಲಿ ಗಾಜಿಗಿಂತ ಇದರಲ್ಲಿ ಕಡಿಮೆಯಾಗುತ್ತದೆ ಎನ್ನಲು ಆಧಾರ ಸಿಗಲಿಲ್ಲ.

ಆ ದುಡ್ಡನ್ನು ಇನ್ನಷ್ಟು ಸೇರಿಸಿ ಯೋಚಿಸಬೇಕಾದದ್ದು ನಂಬರ್ ತಡೆಯುವ ಗಾಜಿನ ಬಗ್ಗೆ. ನೋಡಲು ಇದು ಮಾಮೂಲಿ ಕನ್ನಡಕದ ಹಾಗೇ ಇರುತ್ತದೆ. ನಡುಭಾಗದಲ್ಲಿ ಮಗುವಿನ ಪೂರ್ತಿ ಪವರ್. ಅದರ ಸುತ್ತ ನೂರಾರು ಪುಟಾಣಿ ಲೆನ್ಸ್‌ಗಳು. ಅವು ಬೆಳಕಿನ ಒಂದು ಪಾಲನ್ನು ರೆಟಿನಾದ ಮುಂದೆ ಸೇರಿಸುತ್ತವೆ. ಉದ್ದ ಬೆಳೆಯುವುದನ್ನು ನಿಧಾನಿಸು ಎಂಬ ಸೂಚನೆ ಕಣ್ಣಿಗೆ ಅದರಿಂದ ಸಿಗುತ್ತದೆ. ಹೋಯಾ ಕಂಪನಿಯ ಮಯೋಸ್ಮಾರ್ಟ್, ಎಸ್ಸಿಲಾರ್‌ನ ಸ್ಟೆಲೆಸ್ಟ್ ಈ ಜಾತಿಯವು. ಮಯೋಸ್ಮಾರ್ಟ್ ಗಾಜನ್ನು ಹಾಂಗ್‌ಕಾಂಗ್‌ನ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಜೊತೆ ಸೇರಿ ರೂಪಿಸಿದ್ದು. ಅಲ್ಲಿನ ಎರಡು ವರ್ಷದ ಪ್ರಯೋಗದಲ್ಲಿ ಮಾಮೂಲಿ ಗಾಜಿಗೆ ಹೋಲಿಸಿದರೆ ಪವರ್ ಏರಿಕೆ 52%ರಷ್ಟು ಕಡಿಮೆಯಾಗಿತ್ತು. ಸ್ಟೆಲೆಸ್ಟ್ ಪ್ರಯೋಗ ಚೀನಾದ ವೆಂಜೌನಲ್ಲಿ ನಡೆಯಿತು. ಅದರಲ್ಲೂ ಫಲಿತಾಂಶ ಚೆನ್ನಾಗಿತ್ತು, ಮತ್ತು ದಿನಕ್ಕೆ 12 ಗಂಟೆಗಿಂತ ಹೆಚ್ಚು ಹಾಕಿದವರಲ್ಲೇ ಜಾಸ್ತಿ ಲಾಭ.

ಹೋಲಿಸಿದರೆ ಹೀಗೆ. ಇದರಲ್ಲಿ ಸೋಂಕಿನ ಭಯವಿಲ್ಲ, ಔಷಧಿಯೂ ಇಲ್ಲ. ಬೆಲೆ ಮಾತ್ರ ಮಾಮೂಲಿ ಗಾಜಿನ ಹಲವು ಪಟ್ಟು. ನಂಬರ್ ಬದಲಾದಾಗ ಮತ್ತೆ ಕೊಳ್ಳಬೇಕು. ಮಗು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಮೇಲಿಂದ ನೋಡಿದರೆ ದುಡ್ಡು ಸುಮ್ನೆ ಹೋದ ಹಾಗೆ. ಆರೇಳು ವರ್ಷಕ್ಕೇ ಪವರ್ ಶುರುವಾಗಿದ್ದು, ಅಪ್ಪ ಅಮ್ಮ ಇಬ್ಬರಿಗೂ ಮೈನಸ್ ಇದ್ದು, ವರ್ಷಕ್ಕೆ ಅರ್ಧ ಪವರ್ ಅಥವಾ ಅದಕ್ಕಿಂತ ಹೆಚ್ಚು ಏರುತ್ತಿದ್ದರೆ ಹೊಂದಿಸಿಯಾದರೂ ಕೊಡಿಸಿ ಎನ್ನುತ್ತೇನೆ. ಹದಿನಾಲ್ಕಕ್ಕೆ ಶುರುವಾಗಿ ಮೈನಸ್ 1ರಲ್ಲಿ ನಿಧಾನವಾಗಿ ಸಾಗುತ್ತಿದ್ದರೆ ಮಾಮೂಲಿ ಗಾಜು ಹಾಕಿಸಿ ಕಾಯಬಹುದು.

ಅಟ್ರೊಪಿನ್ ಹನಿ

ಇದು ರಾತ್ರಿ ಮಲಗುವ ಮುಂಚೆ ಒಂದೊಂದು ಹನಿ ಹಾಕುವ ಔಷಧಿ. ಜೊತೆಗೆ ಕನ್ನಡಕ ಇದ್ದೇ ಇರಬೇಕು. 1% ಅಟ್ರೊಪಿನ್ ನಂಬರ್ ಏರಿಕೆಯನ್ನು ಜೋರಾಗಿ ತಡೆಯುತ್ತದೆ ಎಂದು ಸಿಂಗಪುರದ ಅಧ್ಯಯನ 2006ರಲ್ಲೇ ತೋರಿಸಿತ್ತು. ಆದರೆ ಅಷ್ಟು ಗಟ್ಟಿ ಹನಿಗೆ ಪಾಪೆ ಅಗಲವಾಗಿ ಬಿಸಿಲು ತಡೆಯಲಾಗುವುದಿಲ್ಲ, ಪುಸ್ತಕ ಮಸುಕಾಗುತ್ತದೆ. ಹಾಗಾಗಿ ತೀರಾ ತೆಳುವಾದ ಹನಿಗಳು ಬಂದವು.

ಎಷ್ಟು ತೆಳು ಅನ್ನುವುದರಲ್ಲೇ ಆಯ್ಕೆ ಇದೆ. 0.01% ಹನಿ ನಮ್ಮಲ್ಲಿ ತುಂಬಾ ಬಳಕೆಯಲ್ಲಿದೆ. ಅದರ ತೊಂದರೆ ಕಡಿಮೆ, ಲಾಭವೂ ಕಡಿಮೆ. ಅಮೆರಿಕದಲ್ಲಿ 2023ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 0.01% ಹಾಕಿದವರಿಗೂ ಬರೀ ನೀರಿನಂಥ ಹನಿ ಹಾಕಿದವರಿಗೂ ವ್ಯತ್ಯಾಸ ಸಿಗಲಿಲ್ಲ. ಹಾಂಗ್‌ಕಾಂಗ್‌ನ ಲ್ಯಾಂಪ್ ಎಂಬ ಅಧ್ಯಯನದಲ್ಲಿ 0.05, 0.025 ಮತ್ತು 0.01% ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ 0.05%ದ್ದೇ ಮೇಲುಗೈ. ಮೊದಲ ವರ್ಷದಲ್ಲಿ ಅದು ಪವರ್ ಏರಿಕೆಯನ್ನು 67% ತಗ್ಗಿಸಿದರೆ 0.01% ತಗ್ಗಿಸಿದ್ದು 27% ಮಾತ್ರ. ಡಾಕ್ಟರು 0.01% ಬರೆದು ಒಂದು ವರ್ಷದ ಮೇಲೂ ನಂಬರ್ ಹಾಗೇ ಏರುತ್ತಿದ್ದರೆ, ಹೆಚ್ಚಿನ ಪ್ರಮಾಣ ಕೊಡಬಹುದಾ ಎಂದು ಧೈರ್ಯವಾಗಿ ಕೇಳಿ.

ಹನಿಯನ್ನು ನಿಮ್ಮಷ್ಟಕ್ಕೆ ಶುರು ಮಾಡಬೇಡಿ, ತಟಕ್ಕನೆ ನಿಲ್ಲಿಸಲೂಬೇಡಿ. ನಿಲ್ಲಿಸಿದ ಮೇಲೆ ನಂಬರ್ ಮತ್ತೆ ಬೇಗ ಏರುವುದುಂಟು. ಚಿಕ್ಕ ಮಕ್ಕಳಲ್ಲಿ, ಗಟ್ಟಿ ಹನಿಯಲ್ಲಿ ಇದು ಜಾಸ್ತಿ. ಅಟ್ರೊಪಿನ್ ದತ್ತೂರಿಯಂಥ ಗಿಡಗಳಲ್ಲೂ ಇರುವ ವಿಷವಸ್ತು. ಬಾಟಲಿ ಪುಟ್ಟ ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಗಿಡದ ರಸವನ್ನು ಕಣ್ಣಿಗೆ ಬಿಡುವ ನಾಟಿ ಮದ್ದಿನ ಹತ್ತಿರವೂ ಹೋಗಬೇಡಿ.

ರಾತ್ರಿ ಲೆನ್ಸ್, ಹಗಲು ಲೆನ್ಸ್

ಆರ್ಥೋ-ಕೆ ಎನ್ನುವ ಗಟ್ಟಿ ಲೆನ್ಸನ್ನು ರಾತ್ರಿ ಹಾಕಿಕೊಂಡು ಮಲಗಬೇಕು. ಅದು ಕಾರ್ನಿಯಾವನ್ನು ತಾತ್ಕಾಲಿಕವಾಗಿ ಸ್ವಲ್ಪ ಚಪ್ಪಟೆ ಮಾಡುತ್ತದೆ. ಬೆಳಗ್ಗೆ ತೆಗೆದರೆ ದಿನವಿಡೀ ಕನ್ನಡಕವಿಲ್ಲದೆ ಕಾಣುತ್ತದೆ. ಕಣ್ಣಿನ ಉದ್ದ ಬೆಳೆಯುವುದೂ ನಿಧಾನವಾಗುತ್ತದೆ. ಹಾಂಗ್‌ಕಾಂಗ್‌ನ ಎರಡು ವರ್ಷದ ಪ್ರಯೋಗವೊಂದರಲ್ಲಿ 43% ನಿಧಾನವಾಗಿತ್ತು. ಈಜುವ, ಕಬಡ್ಡಿ ಆಡುವ, ಭರತನಾಟ್ಯ ಮಾಡುವ ಮಕ್ಕಳಿಗೆ ಇದು ಆಸೆ ಹುಟ್ಟಿಸುವ ಆಯ್ಕೆ. ಆದರೆ ನಿದ್ದೆಯಲ್ಲಿ ಲೆನ್ಸ್ ಇರುವುದರಿಂದ ಕಾರ್ನಿಯಾದ ಸೋಂಕಿನ ಅಪಾಯ ಇದೆ. ಅದು ಅಪರೂಪ, ಬಂದರೆ ದೃಷ್ಟಿಯನ್ನೇ ಕಸಿಯಬಲ್ಲದು. ಪ್ರತಿ ರಾತ್ರಿ ಕೈ ತೊಳೆದು, ಲೆನ್ಸನ್ನು ಅದರ ದ್ರಾವಣದಲ್ಲೇ ತೊಳೆದು, ನಲ್ಲಿ ನೀರು ತಾಗಿಸದೆ ನೋಡಿಕೊಳ್ಳುವ ದೊಡ್ಡವರು ಮನೆಯಲ್ಲಿ ಇದ್ದರೆ ಮಾತ್ರ ಇದನ್ನು ಆರಿಸಿ. ಪವರ್ ತುಂಬ ಜಾಸ್ತಿ ಇದ್ದರೂ ಇದು ಸರಿಹೋಗುವುದಿಲ್ಲ.

ಹಗಲು ಹಾಕಿ ರಾತ್ರಿ ಬಿಸಾಡುವ ಮೆತ್ತನೆಯ ಲೆನ್ಸೂ ಇದೆ. ಮೈಸೈಟ್ ಹೆಸರಿನ ಲೆನ್ಸಿಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಒಪ್ಪಿಗೆ ಕೊಟ್ಟಿತು. 8ರಿಂದ 12 ವರ್ಷದೊಳಗೆ ಶುರು ಮಾಡುವ ಮಕ್ಕಳಿಗೆಂದೇ ಅದು. ಸೋಂಕಿನ ದೃಷ್ಟಿಯಿಂದ ರಾತ್ರಿ ಲೆನ್ಸಿಗಿಂತ ಇದು ಮೇಲು.

ಬಯಲಿನ ಬೆಳಕು

ದುಡ್ಡಿಲ್ಲದೆ ಸಿಗುವುದು ಇದೊಂದೇ. ಚೀನಾದ ಗುವಾಂಗ್‌ಜೌನ 12 ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳ ಮೇಲೆ ಪ್ರಯೋಗ ಮಾಡಿದರು. ಅರ್ಧ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಗಿನ ಪಿರಿಯಡ್. ಮೂರು ವರ್ಷದ ಕೊನೆಗೆ ಹೊರಗೆ ಹೋದ ಮಕ್ಕಳಲ್ಲಿ 30.4% ಜನಕ್ಕೆ ಮೈನಸ್ ಬಂದಿತ್ತು, ಉಳಿದ ಶಾಲೆಗಳಲ್ಲಿ 39.5%. ತೈವಾನ್ 2010ರಿಂದ ದಿನಕ್ಕೆ 120 ನಿಮಿಷ ಮಕ್ಕಳನ್ನು ಹೊರಗೆ ಕಳಿಸುವ ಕಾರ್ಯಕ್ರಮವನ್ನೇ ನಡೆಸುತ್ತಿದೆ.

ಇದರಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಬೆಳಕು. ತರಗತಿಯೊಳಗೆ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಅಷ್ಟೇ (ಲಕ್ಸ್ ಎಂದರೆ ಬೆಳಕಿನ ಅಳತೆ). ಬಯಲಿನಲ್ಲಿ ಸಾವಿರಗಟ್ಟಲೆ, ಬಿಸಿಲಿದ್ದರೆ ಹತ್ತು ಸಾವಿರಕ್ಕೂ ಹೆಚ್ಚು. ಆ ಬೆಳಕಿಗೆ ರೆಟಿನಾದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಕಣ್ಣಿನ ಬೆಳವಣಿಗೆಗೆ ಕಡಿವಾಣ ಬೀಳುತ್ತದೆ ಎಂಬುದು ಈಗಿನ ತಿಳಿವಳಿಕೆ. ಹಾಗಾಗಿ ಓಡಲೇಬೇಕು ಅಂತಿಲ್ಲ. ಹೊಂಗೆ ಮರದ ನೆರಳಿನಲ್ಲಿ ಕುಂಟೆಬಿಲ್ಲೆ ಆಡಿದರೂ ಆಯಿತು. ಒಂದು ಮಾತು ನೇರವಾಗಿ ಹೇಳಬೇಕು. ಬಯಲಿನ ಬೆಳಕು ಮೈನಸ್ ಬರುವುದನ್ನು ಚೆನ್ನಾಗಿ ತಡೆಯುತ್ತದೆ. ಬಂದ ಮೇಲೆ ಏರುವುದನ್ನು ತಡೆಯುವ ಶಕ್ತಿ ಅದಕ್ಕೆ ಕಡಿಮೆ. ಹಾಗಾಗಿ ಈಗಾಗಲೇ ಕನ್ನಡಕ ಬಂದ ಅಕ್ಕನಿಗಿಂತ ಇನ್ನೂ ಬರದ ತಮ್ಮನಿಗೆ ಇದರ ಲಾಭ ಹೆಚ್ಚು. ಇಬ್ಬರನ್ನೂ ಕಳಿಸಿ.

ಕ್ಯಾರೆಟ್, ಹೊನಗೊನ್ನೆ ಸೊಪ್ಪು ಒಳ್ಳೆಯವೇ. ವಿಟಮಿನ್ ಎ ಕೊರತೆಯಿಂದ ಬರುವ ಇರುಳುಗಣ್ಣಿಗೆ ಅವು ಬೇಕು. ಮೈನಸ್ ಪವರನ್ನು ಅವು ಇಳಿಸುವುದಿಲ್ಲ. ಕನ್ನಡಕ ಬಿಡಿಸುತ್ತೇವೆ ಎಂದು ಕಣ್ಣಿನ ವ್ಯಾಯಾಮ ಹೇಳಿಕೊಡುವ ವಿಡಿಯೋಗಳನ್ನೂ ನಂಬಬೇಡಿ. ಉದ್ದವಾದ ಗುಡ್ಡೆಯನ್ನು ಯಾವ ವ್ಯಾಯಾಮವೂ ಗಿಡ್ಡ ಮಾಡುವುದಿಲ್ಲ.

ದೊಡ್ಡವರಿಗೆ: ಕನ್ನಡಕ, ಲೆನ್ಸ್, ಲೇಸರ್

ಇಲ್ಲಿ ನಂಬರ್ ನಿಂತಿರುತ್ತದೆ, ಆದ್ದರಿಂದ ಆಯ್ಕೆ ನಿಮ್ಮ ಕೆಲಸ ಮತ್ತು ಅಭ್ಯಾಸದ ಮೇಲೆ ನಿಲ್ಲುತ್ತದೆ. ಕನ್ನಡಕ ಎಲ್ಲಕ್ಕಿಂತ ಸುರಕ್ಷಿತ. ಪವರ್ ಜಾಸ್ತಿ ಇದ್ದವರು ತೆಳುವಾಗಿ ಬರುವ ಹೈ ಇಂಡೆಕ್ಸ್ ಗಾಜಿಗೆ ದುಡ್ಡು ಹಾಕುವ ಮೊದಲು ಫ್ರೇಮ್ ಚಿಕ್ಕದು ಮಾಡಿ. ಮೈನಸ್ ಗಾಜಿನ ದಪ್ಪವೆಲ್ಲ ಅಂಚಿನಲ್ಲಿ. ಸಣ್ಣ, ದುಂಡಗಿನ ಫ್ರೇಮಿನಲ್ಲಿ ಆ ಅಂಚೇ ಕತ್ತರಿಸಿಹೋಗುತ್ತದೆ.

ಕಾಂಟ್ಯಾಕ್ಟ್ ಲೆನ್ಸ್‌ನಲ್ಲಿ ದಿನವೂ ಬಿಸಾಡುವುದು, ತಿಂಗಳಿಗೊಮ್ಮೆ ಬದಲಿಸುವುದು ಎಂದು ಎರಡು ಮುಖ್ಯ ಬಗೆ. ತಿಂಗಳದ್ದು ಅಗ್ಗ, ಆದರೆ ದಿನವೂ ತೊಳೆಯಬೇಕು, ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆಯಾದರೂ ಬದಲಿಸಬೇಕು. ವಾರಕ್ಕೆ ಎರಡು ಮೂರು ದಿನ ಮಾತ್ರ ಹಾಕುವವರಿಗೆ ದಿನದ್ದೇ ಲೇಸು. ಲೆನ್ಸ್ ಹಾಕಿಕೊಂಡು ಬಾವಿ, ಕೆರೆ, ಈಜುಕೊಳಕ್ಕೆ ಇಳಿಯಬೇಡಿ. ನೀರಿನಲ್ಲಿರುವ ಅಕಾಂತಮೀಬಾ ಎಂಬ ಜೀವಿ ಕಾರ್ನಿಯಾಕ್ಕೆ ಹೊಕ್ಕರೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕು. ಹಾಕಿಕೊಂಡು ಮಲಗಲೂಬೇಡಿ. ಬೈಕ್ ಓಡಿಸುವವರು ಹೆಲ್ಮೆಟ್ಟಿನ ಗಾಜು ಇಳಿಸಿಕೊಳ್ಳಿ, ಧೂಳು ಲೆನ್ಸಿನ ಕೆಳಗೆ ಸೇರಿದರೆ ಕಣ್ಣು ಕೆರೆಯುತ್ತದೆ. ಕಣ್ಣು ಕೆಂಪಾಗಿ ನೋವಿದ್ದರೆ ಲೆನ್ಸ್ ತೆಗೆದು ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಲೇಸರ್ ಬೇಕೆನ್ನುವವರಿಗೆ 18 ತುಂಬಿರಬೇಕು, ಕನಿಷ್ಠ ಒಂದು ವರ್ಷ ನಂಬರ್ ಬದಲಾಗಿರಬಾರದು. ಬಸಿರು, ಬಾಣಂತನದ ಹೊತ್ತಿನಲ್ಲಿ ಬೇಡ. ಲ್ಯಾಸಿಕ್‌ನಲ್ಲಿ ಕಾರ್ನಿಯಾದ ಮೇಲೆ ತೆಳುವಾದ ಪದರ ಬಿಡಿಸಿ, ಕೆಳಗೆ ಲೇಸರ್‌ನಿಂದ ಸವೆಸಿ, ಪದರ ಮುಚ್ಚುತ್ತಾರೆ. ಮರುದಿನವೇ ಚೆನ್ನಾಗಿ ಕಾಣುತ್ತದೆ. ಕಣ್ಣು ಒಣಗುವುದು, ರಾತ್ರಿ ದೀಪದ ಸುತ್ತ ಬಳೆ ಕಾಣುವುದು ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಪಿಆರ್‌ಕೆಯಲ್ಲಿ ಪದರ ಬಿಡಿಸುವುದಿಲ್ಲ, ಮೇಲ್ಮೈಯಲ್ಲೇ ಲೇಸರ್. ಮೊದಲ ಕೆಲವು ದಿನ ನೋವು, ದೃಷ್ಟಿ ತಿಳಿಯಾಗಲು ವಾರಗಳು ಬೇಕು. ಆದರೆ ಪೆಟ್ಟು ಬಿದ್ದರೆ ಪದರ ಜರುಗುವ ಭಯವಿಲ್ಲ. ಕುಸ್ತಿ, ಬಾಕ್ಸಿಂಗ್‌ನಂಥ ಆಟದವರಿಗೆ ಇದು ಹೊಂದುತ್ತದೆ. ಸ್ಮೈಲ್‌ನಲ್ಲಿ ಕೆಲವೇ ಮಿಲಿಮೀಟರ್ ಗೀರಿನಿಂದ ಒಳಗಿನ ತುಣುಕನ್ನು ಹೊರಗೆಳೆಯುತ್ತಾರೆ. ಪೊಲೀಸ್, ಸೇನೆ, ರೈಲ್ವೆ ಕೆಲಸಕ್ಕೆ ಅರ್ಜಿ ಹಾಕುವವರು ಆಪರೇಷನ್‌ಗೆ ಮೊದಲೇ ಆ ನೇಮಕಾತಿಯ ಕಣ್ಣಿನ ನಿಯಮ ಓದಿಕೊಳ್ಳಿ.

ಲ್ಯಾಸಿಕ್, ಪಿಆರ್‌ಕೆಯಲ್ಲಿ ಕಾರ್ನಿಯಾ ಸವೆಸುವ ಎಕ್ಸೈಮರ್ ಲೇಸರ್ ಹಿಂದೆ ನಮ್ಮ ಕಡೆಯವರೊಬ್ಬರ ಕೈ ಇದೆ. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಓದಿದ ರಂಗಸ್ವಾಮಿ ಶ್ರೀನಿವಾಸನ್ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿದ್ದರು. ಈ ಲೇಸರ್ ಸುತ್ತಲಿನ ಜಾಗ ಸುಡದೆ ಜೀವಕೋಶದ ಪದರವನ್ನು ನಯವಾಗಿ ಕತ್ತರಿಸುತ್ತದೆ ಎಂದು ಅವರೂ ಇಬ್ಬರು ಜೊತೆಗಾರರೂ 1981ರಲ್ಲಿ ಕಂಡುಕೊಂಡರು.

ಯಾವ ಲೇಸರ್ ಎನ್ನುವುದಕ್ಕಿಂತ ನಿಮ್ಮ ಕಾರ್ನಿಯಾ ಎಷ್ಟು ದಪ್ಪ ಎನ್ನುವುದು ಮುಖ್ಯ. ಸಾಮಾನ್ಯವಾಗಿ ಅದು 540 ಮೈಕ್ರಾನ್ ಆಸುಪಾಸು (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಲ್ಯಾಸಿಕ್ ಪದರಕ್ಕೆ ಸುಮಾರು 110 ಹೋಗುತ್ತದೆ. ಒಂದು ಪವರ್ ತೆಗೆಯಲು ಸುಮಾರು 14 ಮೈಕ್ರಾನ್ ಸವೆಸಬೇಕು. ಮೈನಸ್ 6 ಅಂದರೆ 84. ಉಳಿಯುವುದು 346, ತೊಂದರೆಯಿಲ್ಲ. ಅದೇ 480ರ ಕಾರ್ನಿಯಾದಲ್ಲಿ ಮೈನಸ್ 8 ತೆಗೆದರೆ ಉಳಿಯುವುದು 258. ಕನಿಷ್ಠ 250 ಉಳಿಯಲೇಬೇಕು, ಅನೇಕ ಡಾಕ್ಟರು 300 ಬೇಕೆನ್ನುತ್ತಾರೆ. ಅಂಥವರಿಗೆ ಐಸಿಎಲ್ ದಾರಿ. ಕಣ್ಣಿನ ಸ್ವಂತ ಲೆನ್ಸಿನ ಮುಂದೆ, ಕಣ್ಣಿನ ಬಣ್ಣದ ಭಾಗವಾದ ಐರಿಸ್‌ನ ಹಿಂದೆ ಪುಟ್ಟ ಲೆನ್ಸ್ ಕೂರಿಸುತ್ತಾರೆ. ದುಬಾರಿ, ಕಣ್ಣಿನೊಳಗಿನ ಆಪರೇಷನ್, ಪೊರೆ ಮತ್ತು ಒತ್ತಡ ಏರುವ ಸಣ್ಣ ಅಪಾಯವಿದೆ. ಆದರೆ ಬೇಕಾದರೆ ತೆಗೆಯಬಹುದು. ಕಾರ್ನಿಯಾ ಕೋನ್ ಹಾಗೆ ಉಬ್ಬುವ ಕೆರಟೊಕೋನಸ್ ಇದ್ದರೆ ಲ್ಯಾಸಿಕ್ ಕೂಡದು. ಅದನ್ನು ಪತ್ತೆ ಮಾಡುವ ಟೊಪೊಗ್ರಫಿ ಸ್ಕ್ಯಾನ್ ಮಾಡದೆ ದಿನಾಂಕ ಕೊಡುವ ಕಡೆಯಿಂದ ಎದ್ದು ಬನ್ನಿ. ಸ್ಕ್ಯಾನಿಗೆ ಮೊದಲು ಒಂದೆರಡು ವಾರ ಕಾಂಟ್ಯಾಕ್ಟ್ ಲೆನ್ಸ್ ಬಿಟ್ಟಿರಬೇಕು, ಇಲ್ಲದಿದ್ದರೆ ಅಳತೆ ತಪ್ಪುತ್ತದೆ.

ನಲವತ್ತು ಹತ್ತಿರವಿರುವವರು ಇನ್ನೊಂದನ್ನು ಯೋಚಿಸಿ. ಆ ವಯಸ್ಸಿನಲ್ಲಿ ಎಲ್ಲರಿಗೂ ಹತ್ತಿರದ್ದು ಮಸುಕಾಗತೊಡಗುತ್ತದೆ. ಮೈನಸ್ 2–3 ಇದ್ದವರು ಕನ್ನಡಕ ತೆಗೆದಿಟ್ಟು ಪೇಪರ್ ಓದುತ್ತಾರೆ, ಅಲ್ವಾ? ಲೇಸರ್ ಮಾಡಿಸಿಕೊಂಡರೆ ಆ ಅನುಕೂಲ ಹೋಗುತ್ತದೆ, ಓದಲು ಕನ್ನಡಕ ಬೇಕಾಗುತ್ತದೆ. 24ಕ್ಕೆ ಮಾಡಿಸಿದವರಿಗೆ ಹದಿನೈದಿಪ್ಪತ್ತು ವರ್ಷದ ಲಾಭ. 42ಕ್ಕೆ ಮಾಡಿಸಿದವರು ಒಂದು ಕನ್ನಡಕ ಕೊಟ್ಟು ಇನ್ನೊಂದು ತಂದ ಹಾಗೆ.

ಮೈನಸ್ 6 ಇದ್ದು ಲೇಸರ್ ಮಾಡಿಸಿಕೊಂಡವರ ಕಣ್ಣಿನ ಉದ್ದ ಹಳೆಯದೇ, ರೆಟಿನಾ ಅಷ್ಟೇ ತೆಳು. ವರ್ಷಕ್ಕೊಮ್ಮೆ ಹನಿ ಹಾಕಿಸಿ ರೆಟಿನಾ ತೋರಿಸಿ, ಹಳೆಯ ಪವರ್ ಇಷ್ಟಿತ್ತು ಎಂದು ಹೇಳಿ. ಮುಂದೆ ಪೊರೆ ಆಪರೇಷನ್ ಬಂದಾಗ ಒಳಗಿಡುವ ಲೆನ್ಸಿನ ಲೆಕ್ಕಕ್ಕೂ ಲೇಸರ್‌ಗೆ ಮುಂಚಿನ ಕಾಗದಗಳು ಸಹಾಯವಾಗುತ್ತವೆ, ಫೈಲ್‌ನಲ್ಲಿ ಇಟ್ಟುಕೊಳ್ಳಿ. ಕಣ್ಣೆದುರು ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ತುಂಬ ತೇಲಿದರೆ, ಮಿಂಚು ಹೊಡೆದ ಹಾಗೆ ಬೆಳಕು ಕಂಡರೆ, ಒಂದು ಬದಿಯಿಂದ ಪರದೆ ಇಳಿದ ಹಾಗಾದರೆ ನಾಳೆ ನೋಡೋಣ ಎನ್ನಬೇಡಿ. ನೋವಿಲ್ಲ ಎಂದು ಸುಮ್ಮನಿರಬೇಡಿ, ರೆಟಿನಾ ಕಳಚುವಾಗ ನೋವಾಗುವುದಿಲ್ಲ. ಅವತ್ತೇ ರೆಟಿನಾ ಡಾಕ್ಟರು ಇರುವ ಆಸ್ಪತ್ರೆಗೆ ಹೊರಡಿ.